ಅಂಗಾಲಿನ ಹುಣ್ಣು, ಕುಷ್ಠದ ಚಪ್ಪಲಿ, ಬೆಂಗಳೂರಿನ ಕಾಂಡಕೋಶ

ತೊಗರಿ ರಾಶಿ ನಡೆದಿದ್ದ ದಿನಗಳಲ್ಲಿ ಬೆಲೆಯ ಸುದ್ದಿಗೆಂದು ಜೇವರ್ಗಿ ತಾಲೂಕಿನ ಇಜೇರಿಗೆ ಹೋಗಿದ್ದೆವು. ಮಾತು ಬೆಲೆಯಿಂದ ಕಾಲಿಗೆ ಹೊರಳಿತು. ಕಟ್ಟೆಯ ಮೇಲೆ ಕೂತಿದ್ದ ಕಾಕಾ ಒಬ್ಬರು ಎಡಗಾಲಿಗೆ ಹಳೆ ಧೋತರದ ತುಂಡು ಸುತ್ತಿಕೊಂಡಿದ್ದರು. ಹೋದ ವರ್ಷ ತೊಗರಿ ಕೊಯ್ದ ಹೊಲದಲ್ಲಿ ಕೂಳೆ ಅಂಗಾಲಿಗೆ ಚುಚ್ಚಿತ್ತು. ಚುಚ್ಚಿದ್ದು ಅವರಿಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ, ಹಾಸಿಗೆಯ ಮೇಲೆ ರಕ್ತದ ಕಲೆ ಕಂಡಾಗ. ಅಂದಿನಿಂದ ಆ ಹುಣ್ಣು ಒಣಗಿಲ್ಲ.

“ಸಕ್ರಿ ಬ್ಯಾನಿ ಹನ್ನೆರಡು ವರ್ಷದಿಂದ ಅದ. ಕಾಲಾಗ ಏನೂ ತಿಳಿಯಂಗಿಲ್ಲ ನೋಡ್ರಿ” ಎಂದರು. ಆಮೇಲೆ ಮಗನನ್ನು ಕರೆದು ಮೊಬೈಲ್ ತೋರಿಸಲು ಹೇಳಿದರು. ದೂರದ ಊರಿನ ಒಂದು ಖಾಸಗಿ ಕ್ಲಿನಿಕ್ಕಿನ ವಿಡಿಯೊ. ಮೊದಲು ಕೊಳೆತ ಪಾದ, ಆಮೇಲೆ ಮಾಯ್ದ ಪಾದ, ನಡುವೆ ‘ಸ್ಟೆಮ್ ಸೆಲ್’ ಇಂಜೆಕ್ಷನ್. ಕೆಳಗೆ ಫೋನ್ ನಂಬರ್. ಮಗ ಆಗಲೇ ಫೋನ್ ಮಾಡಿದ್ದ. ಅವರು ಹೇಳಿದ ಮೊತ್ತಕ್ಕೆ ಒಂದು ಎಕರೆ ಎರೆಹೊಲ ಮಾರಬೇಕಿತ್ತು. “ನೀವು ಪೇಪರ್‌ನವರು, ನಿಮಗ ಗೊತ್ತಿರ್ತದ. ಇದು ಖರೇ ಅದ ಏನ್ರಿ?” ಎಂದು ಕಾಕಾ ಕೇಳಿದರು.

ನಮಗೆ ಗೊತ್ತಿರಲಿಲ್ಲ. ಡಿಪ್ಲೊಮಾದಲ್ಲಿ ನಮಗೆ ಜಾತ್ರೆ, ಅಪಘಾತ, ಗ್ರಾಮಸಭೆಗಳನ್ನು ಬರೆಯಲು ಕಲಿಸಿದ್ದರು, ಇದನ್ನಲ್ಲ. ಕೇಳಿ ಬಂದು ಹೇಳುತ್ತೇವೆ, ಅಲ್ಲಿಯವರೆಗೆ ಹೊಲದ ಮಾತು ಯಾರ ಜೊತೆಗೂ ಮುಗಿಸಬೇಡಿ ಎಂದು ಹೇಳಿ ಬಂದೆವು. ಉತ್ತರ ಹುಡುಕುತ್ತಾ ಹೋದರೆ ಅದು ಇಂಜೆಕ್ಷನ್ನಿನಿಂದ ಶುರುವಾಗಲಿಲ್ಲ. ಬಹಳ ಹಿಂದಿನಿಂದ ಶುರುವಾಯಿತು.

ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಯಾರ ಹುಣ್ಣು ಮಾಯುವುದು ಕಷ್ಟ ಎಂದು ಹೇಳುವ ಒಂದು ಶ್ಲೋಕವಿದೆ. ಕುಷ್ಠದವರು, ವಿಷ ತಗುಲಿದವರು, ಸೊರಗಿದವರು ಮತ್ತು ಮಧುಮೇಹಿಗಳನ್ನು ಅದು ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಕುಷ್ಠ ಎಂಬ ಮಾತಿಗೆ ಆಗ ಇದ್ದ ಅರ್ಥ ಇಂದಿನ ಕುಷ್ಠರೋಗಕ್ಕಿಂತ ಅಗಲವಾದದ್ದು, ಅನೇಕ ಚರ್ಮರೋಗಗಳೂ ಅದರೊಳಗೆ ಬರುತ್ತಿದ್ದವು. ಆದರೂ ಆ ಪಂಕ್ತಿಯನ್ನು ನೆನಪಿಟ್ಟುಕೊಳ್ಳಿ. ಮಧುಮೇಹದ ಪಾದವನ್ನು ಉಳಿಸುವ ವಿದ್ಯೆ ಕೊನೆಗೆ ಬಂದದ್ದು ಕುಷ್ಠರೋಗದ ಆಸ್ಪತ್ರೆಗಳಿಂದಲೇ.

ಯುರೋಪಿನ ವೈದ್ಯರಿಗೆ ಸಕ್ಕರೆ ಕಾಯಿಲೆಗೂ ಕಾಲು ಕೊಳೆಯುವುದಕ್ಕೂ ಇರುವ ನಂಟು ಸ್ಪಷ್ಟವಾದದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. 1852ರಲ್ಲಿ ಫ್ರಾನ್ಸಿನ ಮಾರ್ಷಲ್ ದ ಕಾಲ್ವಿ ಅದನ್ನು ಬರೆದರು. 1887ರಲ್ಲಿ ಇಂಗ್ಲೆಂಡಿನ ಪ್ರೈಸ್ ಎಂಬ ವೈದ್ಯರು ಅಂಗಾಲಿನಲ್ಲಿ ತೂತು ಬೀಳುವ ಹುಣ್ಣಿಗೆ ನರ ಸತ್ತಿರುವುದೂ ಕಾರಣ ಎಂದು ಗುರುತಿಸಿದರು. ಆದರೆ ಆ ಕಾಲಕ್ಕೆ ಇದು ದೊಡ್ಡ ಸಮಸ್ಯೆ ಆಗಿರಲಿಲ್ಲ. ಕಾಲು ಕೊಳೆಯುವಷ್ಟು ವರ್ಷ ರೋಗಿಗಳು ಬದುಕುತ್ತಲೇ ಇರಲಿಲ್ಲ.

ಇನ್ಸುಲಿನ್ ಅದನ್ನು ಬದಲಿಸಿತು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಹೊರತೆಗೆದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಸಲ ಕೊಟ್ಟರು. ಜನ ಸಕ್ಕರೆ ಏರಿ ಪ್ರಜ್ಞೆ ತಪ್ಪಿ ಸಾಯುವುದು ನಿಂತಿತು, ಹತ್ತು ಇಪ್ಪತ್ತು ವರ್ಷ ಬದುಕತೊಡಗಿದರು. ಆಗ ಕಾಲು ಮುಂದೆ ಬಂತು. 1934ರಲ್ಲಿ ಬೋಸ್ಟನ್ನಿನ ಎಲಿಯಟ್ ಜೋಸ್ಲಿನ್ ಮಧುಮೇಹದ ಗ್ಯಾಂಗ್ರೀನ್ ಹೆಚ್ಚುತ್ತಿರುವ ಅಪಾಯದ ಬಗ್ಗೆಯೇ ಒಂದು ಲೇಖನ ಬರೆದರು. ಕಾಲು ಕೊಳೆಯುವುದು ದೈವದ ಶಿಕ್ಷೆಯಲ್ಲ, ಕಾಲು ತೊಳೆದು ನೋಡಿಕೊಂಡರೆ ತಪ್ಪಿಸಬಹುದು ಎಂಬುದು ಅವರ ವಾದ. ನಮ್ಮ ಭಾಗದಲ್ಲಿ ಇಂದಿಗೂ ‘ಹಣೇಬರಹ’ ಎನ್ನುವವರಿಗೆ ಈ ಮಾತನ್ನು ಹೇಳಬೇಕಾಗುತ್ತದೆ.

ಇಲ್ಲಿಂದ ಕಥೆ ತಮಿಳುನಾಡಿನ ವೆಲ್ಲೂರಿಗೆ ಬರುತ್ತದೆ. ಕೊಲ್ಲಿಮಲೆಯಲ್ಲಿ 1914ರಲ್ಲಿ ಮಿಷನರಿ ದಂಪತಿಗೆ ಹುಟ್ಟಿದ ಪಾಲ್ ಬ್ರ್ಯಾಂಡ್ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಕಲಿತು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಚೆಂಗಲ್ಪಟ್ಟಿನ ಕುಷ್ಠರೋಗ ಆಶ್ರಯಧಾಮದಲ್ಲಿ ರೋಗಿಗಳ ಕೈಕಾಲು ನೋಡಿ ಅವರಿಗೆ ಒಂದು ಪ್ರಶ್ನೆ ಕಾಡಿತು. ಬೆರಳುಗಳು ಏಕೆ ಗಿಡ್ಡವಾಗುತ್ತವೆ? ಕುಷ್ಠವೇ ಮಾಂಸವನ್ನು ತಿನ್ನುತ್ತದೆ ಎಂದು ಎಲ್ಲರೂ ನಂಬಿದ್ದರು. ಬ್ರ್ಯಾಂಡ್ ಒಂದೊಂದೇ ಹುಣ್ಣಿನ ಬೆನ್ನು ಹತ್ತಿದರು. ಒಬ್ಬ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದಿದ್ದ. ಇನ್ನೊಬ್ಬ ಚಪ್ಪಲಿಯೊಳಗೆ ಮೊಳೆ ಎದ್ದಿದ್ದರೂ ದಿನವಿಡೀ ನಡೆದಿದ್ದ. ರಾತ್ರೋರಾತ್ರಿ ಬೆರಳ ತುದಿ ಕಾಣೆಯಾಗುತ್ತಿದ್ದುದಕ್ಕೆ ಕಾರಣ ತಿಳಿಯದೆ ರಾತ್ರಿ ಕಾವಲು ಕೂತು ನೋಡಿದರೆ, ಇಲಿ ಬಂದು ಕಡಿಯುತ್ತಿತ್ತು, ಮಲಗಿದವನಿಗೆ ಎಚ್ಚರವೇ ಆಗುತ್ತಿರಲಿಲ್ಲ. ಆಮೇಲೆ ಆಸ್ಪತ್ರೆಯಿಂದ ಮನೆಗೆ ಹೋಗುವ ರೋಗಿಗಳ ಜೊತೆ ಒಂದೊಂದು ಬೆಕ್ಕನ್ನೂ ಕಳಿಸಿದರು.

ಅಂದರೆ ಮಾಂಸ ಸರಿಯಾಗಿಯೇ ಇತ್ತು, ಹೋಗಿದ್ದು ನೋವು. ನೋವಿಲ್ಲದವನು ಕುಂಟುವುದಿಲ್ಲ. ಕುಂಟದವನು ಗಾಯದ ಮೇಲೆಯೇ ಮತ್ತೆ ಮತ್ತೆ ಕಾಲೂರುತ್ತಾನೆ. ಇಷ್ಟು ತಿಳಿದ ಮೇಲೆ ಚಿಕಿತ್ಸೆಯ ದಾರಿ ಬೇರೆಯಾಯಿತು. ಪಾದಕ್ಕೆ ಅಚ್ಚಾಗಿ ಕೂರುವ ಪ್ಲಾಸ್ಟರ್ ಹಾಕಿದರೆ ಮೈಭಾರ ಇಡೀ ಕಾಲಿಗೆ ಹಂಚಿಹೋಗಿ, ಹುಣ್ಣಿನ ಮೇಲಿನ ಒತ್ತಡ ಇಳಿದು, ಅದು ತಾನಾಗಿ ಮಾಯುತ್ತಿತ್ತು. ಕುಷ್ಠದ ಹುಣ್ಣಿಗೆ ಇಂಥ ಪ್ಲಾಸ್ಟರನ್ನು 1930ರ ದಶಕದಲ್ಲೇ ಸಿಲೋನಿನ ಮಿಲ್ರಾಯ್ ಪಾಲ್, ಭಾರತದಲ್ಲಿ ಜೋಸೆಫ್ ಖಾನ್ ಬಳಸಿದ್ದರು. ಮಾಯ್ದ ಪಾದ ಮತ್ತೆ ಒಡೆಯದಿರಲು ವೆಲ್ಲೂರು ಮತ್ತು ಪಕ್ಕದ ಕರಿಗಿರಿಯಲ್ಲಿ ಮೆತ್ತನೆಯ, ಸಣ್ಣ ಗಾಳಿಗುಳ್ಳೆಗಳ ಮೈಕ್ರೊಸೆಲ್ಯುಲರ್ ರಬ್ಬರಿನ ಚಪ್ಪಲಿ ಬಂತು. ಇಂದಿಗೂ ಅದನ್ನು ಎಂಸಿಆರ್ ಚಪ್ಪಲಿ ಎನ್ನುತ್ತಾರೆ. ಮೊಳೆ ಹೊಡೆಯದೆ ಅಂಟಿಸಿ, ಹೊಲಿದು ಮಾಡುವ ಚಪ್ಪಲಿ ಅದು.

1966ರಲ್ಲಿ ಬ್ರ್ಯಾಂಡ್ ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿ ಮಧುಮೇಹಿಗಳ ಪಾದ ನೋಡಿದಾಗ ಅವರಿಗೆ ಕಂಡದ್ದು ಚೆಂಗಲ್ಪಟ್ಟಿನ ಅದೇ ಪಾದ. ರೋಗ ಬೇರೆ, ಸತ್ತ ನರ ಒಂದೇ. ವೆಲ್ಲೂರಿನ ಪ್ಲಾಸ್ಟರ್ ಮತ್ತು ಚಪ್ಪಲಿ ಹೀಗೆ ಮಧುಮೇಹದ ಚಿಕಿತ್ಸೆಯೊಳಗೆ ಬಂದವು. ಇಂದು ಪಾದದ ಸ್ಪರ್ಶ ಪರೀಕ್ಷಿಸುವ ನೈಲಾನ್ ಎಳೆ ಇದೆಯಲ್ಲ, 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆ, ಅದರ ಅಳತೆ ನಿಗದಿಯಾದದ್ದೂ 1986ರಲ್ಲಿ ಕಾರ್ವಿಲ್‌ನಲ್ಲೇ. ಆ ಎಳೆ ಅಂಗಾಲಿಗೆ ತಾಗಿದ್ದು ತಿಳಿಯದಿದ್ದರೆ ಆ ಪಾದ ಅಪಾಯದಲ್ಲಿದೆ ಎಂದರ್ಥ.

ಇದನ್ನು ಓದುವಾಗ ನಮ್ಮ ಜಿಲ್ಲೆಯೇ ಕಣ್ಣ ಮುಂದೆ ಬಂತು. ನಮ್ಮ ಮನೆಗಳ ಅಂಗಳಕ್ಕೆ ಶಹಾಬಾದಿನ ಫರಸಿ ಹಾಸಿರುತ್ತದೆ. ಏಪ್ರಿಲ್, ಮೇ ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ನಿಂತರೆ ನಾವು ಜಿಗಿಯುತ್ತೇವೆ. ನರ ಸತ್ತವರು ನಿಂತೇ ಇರುತ್ತಾರೆ, ಸಂಜೆಗೆ ಬೊಬ್ಬೆ ಎದ್ದಿರುತ್ತದೆ. ಹೊಲದಲ್ಲಿ ತೊಗರಿ ಕೂಳೆ, ಹತ್ತಿ ಕೂಳೆ, ಬದುವಿನಲ್ಲಿ ಜಾಲಿಮುಳ್ಳು. ಶೀಗಿ ಹುಣ್ಣಿಮೆಗೆ ತುಳಜಾಪುರಕ್ಕೆ, ಯುಗಾದಿಗೆ ಶ್ರೀಶೈಲಕ್ಕೆ ಬರಿಗಾಲಲ್ಲಿ ನಡೆಯುವ ಹರಕೆ ಹೊತ್ತವರಲ್ಲಿ ಸಕ್ಕರೆ ಕಾಯಿಲೆಯವರೂ ಇರುತ್ತಾರೆ. ಹರಕೆ ತಪ್ಪೆಂದು ನಾವು ಹೇಳುವುದಿಲ್ಲ, ನಮ್ಮ ಮನೆಯಿಂದಲೂ ಹೋಗುತ್ತಾರೆ. ಡಾಂಬರು ರಸ್ತೆಗೆ ಭಕ್ತಿ ತಿಳಿಯುವುದಿಲ್ಲ ಅಷ್ಟೇ.

ಈಗ ಕೋಶದ ಕಥೆ. ಅದೂ ಟೊರಾಂಟೊದಿಂದಲೇ ಶುರುವಾಗುತ್ತದೆ. ಇನ್ಸುಲಿನ್ ಸಿಕ್ಕ ನಲವತ್ತು ವರ್ಷಗಳ ಮೇಲೆ, 1961ರಲ್ಲಿ, ಟಿಲ್ ಮತ್ತು ಮೆಕಲಕ್ ಎಂಬಿಬ್ಬರು ಇಲಿಗಳ ಅಸ್ಥಿಮಜ್ಜೆಯಲ್ಲಿ ತನ್ನನ್ನೇ ಹೆಚ್ಚಿಸಿಕೊಂಡು ಬೇರೆ ಬೇರೆ ರಕ್ತಕಣಗಳಾಗುವ ಕೋಶವಿದೆ ಎಂದು ತೋರಿಸಿದರು. ಇದನ್ನು ಕನ್ನಡ ಪತ್ರಿಕೆಗಳು ಕಾಂಡಕೋಶ ಎಂದೂ ಆಕರಕೋಶ ಎಂದೂ ಬರೆಯುತ್ತವೆ. ಊರಲ್ಲಿ ಎರಡೂ ಯಾರಿಗೂ ತಿಳಿಯುವುದಿಲ್ಲ, ‘ಸ್ಟೆಮ್ ಸೆಲ್’ ಎಂದರೆ ವಿಡಿಯೊ ನೋಡಿದವರಿಗೆಲ್ಲ ತಿಳಿಯುತ್ತದೆ. ಅದೇ ಮಜ್ಜೆಯಲ್ಲಿ ಎಲುಬು, ಮೆದು ಎಲುಬು, ಕೊಬ್ಬು ಆಗಬಲ್ಲ ಇನ್ನೊಂದು ಬಗೆಯ ಕೋಶವಿದೆ ಎಂದು ಮಾಸ್ಕೊದ ಫ್ರೀಡೆನ್‌ಸ್ಟೈನ್ ತೋರಿಸಿದರು. 1991ರಲ್ಲಿ ಅಮೆರಿಕದ ಅರ್ನಾಲ್ಡ್ ಕ್ಯಾಪ್ಲನ್ ಅದಕ್ಕೆ ಮೀಸೆಂಕೈಮಲ್ ಸ್ಟೆಮ್ ಸೆಲ್ ಎಂದು ಹೆಸರಿಟ್ಟರು. ಪಾದದ ಹುಣ್ಣಿನ ಮಾತು ಬಂದಾಗಲೆಲ್ಲ ಕೇಳಿಬರುವ ಕೋಶ ಇದೇ.

ಹೆಸರು ಇಟ್ಟವರೇ ಆಮೇಲೆ ಆ ಹೆಸರು ಬದಲಿಸಿ ಎಂದು ಬೇಡಿಕೊಂಡರು. 2017ರಲ್ಲಿ ಕ್ಯಾಪ್ಲನ್ ಬರೆದ ಲೇಖನದ ತಿರುಳು ಇಷ್ಟು: ಈ ಕೋಶ ಗಾಯದ ಜಾಗಕ್ಕೆ ಹೋಗಿ ತಾನೇ ಹೊಸ ಚರ್ಮವೋ ರಕ್ತನಾಳವೋ ಆಗುವುದಿಲ್ಲ. ರಾಸಾಯನಿಕ ಸಂದೇಶಗಳನ್ನು ಬಿಡುತ್ತದೆ, ಉರಿಯೂತ ಇಳಿಸುತ್ತದೆ, ಹೊಸ ರಕ್ತನಾಳ ಚಿಗುರುವಂತೆ ಅಲ್ಲಿಯ ಕೋಶಗಳನ್ನು ಎಬ್ಬಿಸುತ್ತದೆ. ‘ಸ್ಟೆಮ್ ಸೆಲ್’ ಎಂಬ ಹೆಸರು ಜನರಿಗೆ ಸುಳ್ಳು ಭರವಸೆ ಕೊಡುತ್ತಿದೆ ಎಂಬುದು ಅವರ ಕಳವಳ. ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕೆಂದರೆ ಇದು ಇಟ್ಟಂಗಿಯಲ್ಲ, ಗೌಂಡಿ. ಗೌಂಡಿ ಬಂದು ಆಳುಗಳಿಗೆ ಕೆಲಸ ಹಚ್ಚಿ ಹೋಗುತ್ತಾನೆ. ಆಳು, ನೀರು, ಉಸುಕು ಇಲ್ಲದ ಕಡೆ ಅವನೊಬ್ಬ ಬಂದು ಮಾಡುವುದೇನು?

ಗಾಯಕ್ಕೆ ಹಚ್ಚುವ ಜೈವಿಕ ಔಷಧಗಳು ಈ ನಡುವೆ ಬಂದಿದ್ದವು. ಅಮೆರಿಕದಲ್ಲಿ 1997ರಲ್ಲಿ ಬೆಳವಣಿಗೆಯ ಪ್ರೋಟೀನ್ ಇರುವ ಒಂದು ಜೆಲ್‌ಗೆ, 2000ದಲ್ಲಿ ಜೀವಂತ ಕೋಶಗಳಿಂದ ಬೆಳೆಸಿದ ಎಪ್ಲಿಗ್ರಾಫ್ ಎಂಬ ಚರ್ಮದ ಹಾಳೆಗೆ ಮಧುಮೇಹದ ಪಾದದ ಹುಣ್ಣಿಗಾಗಿ ಅನುಮತಿ ಸಿಕ್ಕಿತು. ನಮ್ಮ ನೆರೆಯ ಹೈದರಾಬಾದಿನ ಭಾರತ್ ಬಯೋಟೆಕ್ ಇಂಥದೇ ಇನ್ನೊಂದು ಪ್ರೋಟೀನಿನ ಜೆಲ್ ತಯಾರಿಸಿತು. 2002ರಲ್ಲಿ ಜಪಾನಿನ ವೈದ್ಯರು ರೋಗಿಯದೇ ಅಸ್ಥಿಮಜ್ಜೆಯ ಕೋಶಗಳನ್ನು ರಕ್ತ ಹರಿಯದ ಕಾಲಿನ ಸ್ನಾಯುವಿಗೆ ಚುಚ್ಚಿ ಫಲ ಕಂಡದ್ದನ್ನು ಪ್ರಕಟಿಸಿದರು. ಕಾಲಿಗೆ ಕೋಶ ಚುಚ್ಚುವ ಯೋಚನೆಗೆ ಜಗತ್ತಿನಾದ್ಯಂತ ಬಲ ಬಂದದ್ದು ಅಲ್ಲಿಂದ.

ಬೆಂಗಳೂರಿನ ಕಥೆ 2006ರದು. ಮಣಿಪಾಲ್ ಸಮೂಹ ಆ ವರ್ಷ ಸ್ಟೆಂಪ್ಯೂಟಿಕ್ಸ್ ಎಂಬ ಸಂಸ್ಥೆ ಹುಟ್ಟುಹಾಕಿತು. 2009ರಲ್ಲಿ ಸಿಪ್ಲಾ ಕಂಪನಿ ಅದರ ಜೊತೆಗೂಡಿತು. ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯಿಂದ ಕೋಶ ತೆಗೆದು, ಹಲವರದನ್ನು ಒಟ್ಟುಗೂಡಿಸಿ, ಬೆಳೆಸಿ, ಹೆಪ್ಪುಗಟ್ಟಿಸಿ ಇಡುವ ವಿಧಾನ ಅವರದು. ಬೇಕಾದಾಗ ಕರಗಿಸಿ ಮೀನಖಂಡಕ್ಕೂ ಹುಣ್ಣಿನ ಸುತ್ತಲೂ ಚುಚ್ಚುತ್ತಾರೆ. ರೋಗಿಯದೇ ಮಜ್ಜೆ ತೆಗೆಯುವ ಕಷ್ಟ ಇಲ್ಲಿಲ್ಲ. ಈ ಔಷಧಕ್ಕೆ ಸ್ಟೆಂಪ್ಯೂಸೆಲ್ ಎಂದು ಹೆಸರು.

ಅವರು ಮೊದಲು ಕೈಹಾಕಿದ್ದು ಸಕ್ಕರೆ ಕಾಯಿಲೆಗಲ್ಲ, ಬರ್ಜರ್ ಕಾಯಿಲೆಗೆ ಎಂಬುದನ್ನು ಇಲ್ಲಿ ಗಮನಿಸಬೇಕು. 1908ರಲ್ಲಿ ಲಿಯೊ ಬರ್ಜರ್ ವಿವರಿಸಿದ ಈ ಕಾಯಿಲೆ ಬೀಡಿ, ಸಿಗರೇಟು, ತಂಬಾಕಿಗೆ ಅಂಟಿಕೊಂಡು ಬರುತ್ತದೆ. ದುಡಿಯುವ ವಯಸ್ಸಿನ ಗಂಡಸರ ಕಾಲಿನ ಸಣ್ಣ ರಕ್ತನಾಳಗಳು ಮುಚ್ಚಿ ಬೆರಳು ಕಪ್ಪಾಗುತ್ತವೆ. ನಮ್ಮ ಹಳ್ಳಿಗಳಲ್ಲಿ ‘ಬೀಡಿ ಸೇದಿ ಕಾಲು ಹೋಯ್ತು’ ಎಂದು ಹೇಳುವುದು ಬಹುಶಃ ಇದನ್ನೇ. 2013ರಲ್ಲಿ ಪ್ರಕಟವಾದ ಅವರ ಮೊದಲ ಪರೀಕ್ಷೆಯಲ್ಲಿ ಕಾಲಿಗೆ ರಕ್ತ ತೀರಾ ಕಡಿಮೆಯಾದ 20 ರೋಗಿಗಳಿದ್ದರು, 10 ಮಂದಿಗೆ ಕೋಶ, 10 ಮಂದಿಗೆ ಬರೀ ದ್ರವ. 2017ರಲ್ಲಿ ಪ್ರಕಟವಾದ ಎರಡನೆಯದರಲ್ಲಿ ಬರ್ಜರ್ ಕಾಯಿಲೆಯ 90 ಮಂದಿ. ಅದರ ನಡುವೆ 2016ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಬರ್ಜರ್ ಕಾಯಿಲೆಗೆ ಮಿತವಾದ ಅನುಮತಿ ಕೊಟ್ಟರು. 2020ರಲ್ಲಿ ಬರ್ಜರ್ ಮತ್ತು ಕೊಬ್ಬು ಕಟ್ಟಿ ರಕ್ತನಾಳ ಮುಚ್ಚಿದ್ದರಿಂದ ಕಾಲಿಗೆ ರಕ್ತ ತೀರಾ ಕಡಿಮೆಯಾದವರಿಗೆ ಅನುಮತಿ ಸಿಕ್ಕಿತು.

ಈ ಕೊನೆಯ ವಾಕ್ಯವನ್ನು ನಾವು ಎರಡು ಮೂರು ಸಲ ಓದಿದೆವು. ಅನುಮತಿ ಇರುವುದು ರಕ್ತ ಹರಿಯದ ಕಾಲಿಗೆ. ಅಂಥ ಕಾಲು ಸಕ್ಕರೆ ಕಾಯಿಲೆಯವರಲ್ಲೂ ಇರುತ್ತದೆ, ನಿಜ. ಆದರೆ ನರ ಸತ್ತು, ರಕ್ತ ಚೆನ್ನಾಗಿಯೇ ಹರಿಯುತ್ತಿದ್ದು, ಅಂಗಾಲಿನ ಒಂದೇ ಜಾಗಕ್ಕೆ ಒತ್ತಡ ಬಿದ್ದು ಆದ ಹುಣ್ಣು ಬೇರೆ. ಹೊರಗಿನಿಂದ ನೋಡಿದರೆ ಎರಡೂ ಹುಣ್ಣೇ. ವಿಡಿಯೊದಲ್ಲಂತೂ ಭೇದ ಕಾಣುವುದೇ ಇಲ್ಲ.

ಮಧುಮೇಹದ ಹುಣ್ಣಿನ ಮೇಲೆ ನೇರವಾಗಿ ನಡೆದ ಪರೀಕ್ಷೆಗಳೂ ಇವೆ. 2019ರಲ್ಲಿ ಪ್ರಕಟವಾದ ಕೊರಿಯಾದ ಒಂದು ಅಧ್ಯಯನದಲ್ಲಿ ಕೊಬ್ಬಿನಿಂದ ತೆಗೆದ ಕೋಶಗಳನ್ನು ಜೆಲ್ ಹಾಳೆಯಲ್ಲಿ ಕೂರಿಸಿ ಹುಣ್ಣಿನ ಮೇಲೆ ಹಚ್ಚಿದರು. 12 ವಾರಕ್ಕೆ ಹುಣ್ಣು ಪೂರ್ತಿ ಮುಚ್ಚಿದವರು ಕೋಶ ಪಡೆದವರಲ್ಲಿ ನೂರಕ್ಕೆ 82, ಪಡೆಯದವರಲ್ಲಿ 53. ಇದ್ದವರು ಒಟ್ಟು 39 ಮಂದಿ ಮಾತ್ರ, ಹಾಗಾಗಿ ಇದರ ಮೇಲೆ ದೊಡ್ಡ ಮನೆ ಕಟ್ಟುವಂತಿಲ್ಲ. ವಿಡಿಯೊ ಮಾಡುವವರು 82ನ್ನು ತೋರಿಸುತ್ತಾರೆ. ನಮ್ಮ ಕಣ್ಣು ನಿಂತದ್ದು 53ರ ಮೇಲೆ. ಕೋಶವೇ ಇಲ್ಲದೆ, ಗಾಯ ಶುದ್ಧ ಮಾಡಿ, ಸರಿಯಾಗಿ ಪಟ್ಟಿ ಕಟ್ಟಿ, ಬಿಡದೆ ನೋಡಿಕೊಂಡದ್ದಕ್ಕೇ ಅರ್ಧಕ್ಕಿಂತ ಹೆಚ್ಚು ಮಂದಿ ಮಾಯ್ದಿದ್ದರು. ಇಜೇರಿಯ ಕಾಕಾಗೆ ಒಂದು ವರ್ಷದಲ್ಲಿ ಸಿಕ್ಕದ್ದು ಪುಡಿ ಉದುರಿಸಿದ ಪಟ್ಟಿ, ಆಗೊಮ್ಮೆ ಈಗೊಮ್ಮೆ ಗುಳಿಗೆ. ಕಾಲೂರಬೇಡಿ ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಹೊಲಕ್ಕೆ ಹೋಗುವವರು ಯಾರು ಎಂಬ ಪ್ರಶ್ನೆಯೂ ಇತ್ತೆನ್ನಿ.

ಕ್ಲಿನಿಕ್ಕಿನ ಮಾತಿಗೆ ಬರೋಣ. ಐಸಿಎಂಆರ್ ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2007ರಲ್ಲಿ ಹೊರತಂದ ಮಾರ್ಗಸೂಚಿಯ ಹೆಸರಿನಲ್ಲಿ ಸ್ಟೆಮ್ ಸೆಲ್ ‘ಸಂಶೋಧನೆ ಮತ್ತು ಚಿಕಿತ್ಸೆ’ ಎಂದಿತ್ತು. 2013ರಲ್ಲಿ ಪರಿಷ್ಕರಿಸುವಾಗ ‘ಚಿಕಿತ್ಸೆ’ ಎಂಬ ಪದವನ್ನು ಬೇಕೆಂದೇ ತೆಗೆದುಹಾಕಿದರು. ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥ ಒಪ್ಪಿತ ಬಳಕೆ ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಸಂಶೋಧನೆ, ಅದನ್ನು ಚಿಕಿತ್ಸೆ ಎಂದು ಮಾರಬಾರದು ಎಂಬುದನ್ನು ಒತ್ತಿ ಹೇಳಲು. 2017ರ ಪರಿಷ್ಕರಣೆಯೂ ಅದನ್ನೇ ಹೇಳಿತು. 2019ರ ಹೊಸ ಔಷಧ ನಿಯಮಗಳಲ್ಲಿ ಸ್ಟೆಮ್ ಸೆಲ್‌ನಿಂದ ಮಾಡಿದ್ದು ಹೊಸ ಔಷಧದ ಲೆಕ್ಕಕ್ಕೆ ಬಂತು. ಒಂದು ಪದ ತೆಗೆದ ಈ ಸುದ್ದಿ ನಮ್ಮ ತಾಲೂಕುಗಳಿಗೆ ತಲುಪಲೇ ಇಲ್ಲ. ವಿಡಿಯೊ ತಲುಪಿತು.

ಸಂಶೋಧನೆಗೆ ಸೇರುವುದು ತಪ್ಪಲ್ಲ. ದೇಶದಲ್ಲಿ ನಡೆಯುವ ಔಷಧ ಪರೀಕ್ಷೆಗಳನ್ನೆಲ್ಲ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ಬರೆಸಬೇಕು, 2009ರಿಂದ ಅದು ಕಡ್ಡಾಯ. ಯಾರಾದರೂ ‘ಇದು ಪರೀಕ್ಷೆ’ ಎಂದರೆ ನೋಂದಣಿ ಸಂಖ್ಯೆ ಕೇಳಬೇಕು. ಪರೀಕ್ಷೆಗೆ ಸೇರಿದವರಿಂದ ಅದಕ್ಕಾಗಿ ಹಣ ಕೇಳಿದರೆ ಅಲ್ಲಿಗೇ ಎದ್ದು ಬರಬೇಕು. ಕಾಕಾನ ಮಗ ನಮ್ಮ ಎದುರಿಗೇ ಮತ್ತೊಮ್ಮೆ ಆ ನಂಬರಿಗೆ ಫೋನ್ ಹಚ್ಚಿ ಈ ಎರಡು ಪ್ರಶ್ನೆ ಕೇಳಿದ. ಆ ಕಡೆಯವರು “ಮೊದಲು ಅಡ್ವಾನ್ಸ್ ಹಾಕಿ, ಡಾಕ್ಟರ್ ಮಾತಾಡ್ತಾರೆ” ಎಂದರು.

ಕಾಕಾನನ್ನು ನಾವು ಕಲಬುರಗಿಗೆ ಕರೆದುಕೊಂಡು ಹೋದೆವು. ವೈದ್ಯರು ಮೊದಲು ಮಾಡಿದ್ದು ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ನೋಡಿದ್ದು. ನಾಡಿ ಚೆನ್ನಾಗಿ ಬಡಿಯುತ್ತಿತ್ತು. ಆಮೇಲೆ ಕೈಕಾಲಿನ ರಕ್ತದೊತ್ತಡ ಹೋಲಿಸಿ ನೋಡಿದರು, ಅದೂ ಸರಿ ಇತ್ತು. ನೈಲಾನ್ ಎಳೆ ಅಂಗಾಲಿಗೆ ತಾಗಿಸಿದಾಗ ಮಾತ್ರ ಕಾಕಾಗೆ ಏನೂ ತಿಳಿಯಲಿಲ್ಲ. ಎಕ್ಸ್‌ರೇಯಲ್ಲಿ ಎಲುಬಿಗೆ ಸೋಂಕು ಕಾಣಲಿಲ್ಲ. ಅಂದರೆ ಬೆಂಗಳೂರಿನ ಆ ಕೋಶಕ್ಕೆ ಅನುಮತಿ ಇರುವ ಕಾಲು ಇದಾಗಿರಲಿಲ್ಲ. ಚೆಂಗಲ್ಪಟ್ಟಿನಲ್ಲಿ ಬ್ರ್ಯಾಂಡ್ ನೋಡಿದ ಕಾಲು ಇದು. ಹುಣ್ಣಿನ ಸುತ್ತ ಗಟ್ಟಿಯಾಗಿದ್ದ ಚರ್ಮ ಕೆತ್ತಿ ತೆಗೆದರು, ಇನ್ಸುಲಿನ್ ಶುರು ಮಾಡಿದರು, ಪ್ಲಾಸ್ಟರ್ ಹಾಕಿ ವಾರಕ್ಕೊಮ್ಮೆ ಬಂದು ಬದಲಿಸಿಕೊಳ್ಳಲು ಹೇಳಿದರು. ಇಜೇರಿಯಿಂದ ವಾರಕ್ಕೊಮ್ಮೆ ಕಲಬುರಗಿ ಎಂದರೆ ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು. ಮೂರನೆಯ ವಾರ ಅವರು ಬರಲಿಲ್ಲ, ಬಿತ್ತನೆಗೆ ಹೊಲ ಹದ ಮಾಡುವ ಕೆಲಸವಿತ್ತು. ನಾಲ್ಕನೆಯ ವಾರ ಮಗ ಬೈಕಿನ ಮೇಲೆ ಕೂರಿಸಿಕೊಂಡು ಬಂದ.

2023ರಲ್ಲಿ ಐಸಿಎಂಆರ್ ಪ್ರಕಟಿಸಿದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ. ಆ ಸಂಖ್ಯೆ ನೋಡಿದಾಗ ನಮಗೆ ಹೊಳೆದದ್ದು ಕೋಶದ ಕಾರ್ಖಾನೆಯಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೆ ಇರಬೇಕಾದ ಆ ನೈಲಾನ್ ಎಳೆ. ಸಕ್ಕರೆ ಎಷ್ಟಿದೆ ಎಂದು ಬೆರಳು ಚುಚ್ಚಿ ನೋಡುವುದನ್ನು ನಾವು ಹಲವು ಶಿಬಿರಗಳಲ್ಲಿ ವರದಿ ಮಾಡಿದ್ದೇವೆ. ಚಪ್ಪಲಿ ಬಿಚ್ಚಿಸಿ ಅಂಗಾಲು ನೋಡಿದ್ದನ್ನು ಒಮ್ಮೆಯೂ ಬರೆದಿಲ್ಲ. ನೋಡುತ್ತಾರೋ ಇಲ್ಲವೋ ಎಂದು ನಾವೂ ಕೇಳಿರಲಿಲ್ಲ, ಅದು ನಮ್ಮ ತಪ್ಪು.

ಹುಣ್ಣು ಅರ್ಧ ಮುಚ್ಚಿದ ಮೇಲೆ ವೈದ್ಯರು ಎಂಸಿಆರ್ ಚಪ್ಪಲಿಗೆ ಬರೆದುಕೊಟ್ಟರು. ಅಂಗಡಿಗಳಲ್ಲಿ ಕೇಳಿದರೆ ‘ಡಾಕ್ಟರ್ ಚಪ್ಪಲಿ’ ಎಂದು ಬೇರೇನೋ ತೋರಿಸಿದರು. ಕೊನೆಗೆ ಜೇವರ್ಗಿಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು, ರಬ್ಬರ್ ಹಾಳೆ ತಂದುಕೊಟ್ಟರೆ ಮಾಡಿಕೊಡುತ್ತೇನೆ ಎಂದರು. ಹಾಳೆ ಹೈದರಾಬಾದಿನಿಂದ ಬಂತು. ಅವರು ನಮ್ಮದೇ ಪತ್ರಿಕೆಯ ಹಾಳೆಯೊಂದನ್ನು ನೆಲಕ್ಕೆ ಹಾಸಿ, ಅದರ ಮೇಲೆ ಕಾಕಾನ ಪಾದ ಇಡಿಸಿ, ಸುತ್ತ ಪೆನ್ನಿನಿಂದ ಗೆರೆ ಎಳೆದರು. ಹುಣ್ಣಿದ್ದ ಜಾಗಕ್ಕೆ ಒಂದು ಸುತ್ತು ಹಾಕಿ, “ಇಲ್ಲಿ ತಗ್ಗ ಇಡಬೇಕೇನ್ರಿ?” ಎಂದು ಕೇಳಿದರು. ಮೊಳೆ ಬೇಡ, ಹಿಂದೆ ಪಟ್ಟಿ ಇರಲಿ ಎಂದು ವೈದ್ಯರು ಹೇಳಿದ್ದನ್ನು ಹೇಳಿದೆವು.

“ಇದನ್ನ ಹಾಕ್ಕೊಂಡು ತುಳಜಾಪುರಕ್ಕ ನಡೀಬಹುದೇನು?” ಎಂದು ಕಾಕಾ ಕೇಳಿದರು.

ಹಿರಿಯರು ಗೆರೆಯಿಂದ ಕಣ್ಣು ತೆಗೆಯಲಿಲ್ಲ. “ಮೊದಲ ಹುಣ್ಣ ಮಾಯಲಿ ತಗೋ” ಎಂದರು.